ಬಾಡಿಗೆ ಮಳಿಗೆಗೆ ಬೆಂಕಿ ಬಿದ್ದ ಮೇಲೆ ಲೀಸ್ ಏನಾಗುತ್ತೆ? ಮಾಲೀಕರು, ಬಾಡಿಗೆದಾರರು ಇಬ್ಬರಿಗೂ ಸಮಗ್ರ ಮಾರ್ಗದರ್ಶಿ

ಬೆಂಕಿ ಆರಿದ ಮಾರನೇ ದಿನವೇ ಜಗಳ ಶುರುವಾಗುತ್ತದೆ. ಬಾಡಿಗೆದಾರರು "ಅಂಗಡಿನೇ ಸುಟ್ಟು ಹೋಯ್ತು, ಇನ್ನೆಂಥ ಬಾಡಿಗೆ" ಅನ್ನುತ್ತಾರೆ. ಮಾಲೀಕರು "ನಿಮ್ಮ ವೈರಿಂಗ್‌ನಿಂದಲೇ ಹೊತ್ತಿಕೊಂಡಿದ್ದು, ಮೊದಲಿನ ಹಾಗೆ ಕಟ್ಟಿಸಿಕೊಡಿ, ಅಡ್ವಾನ್ಸ್ ವಾಪಸ್ ಕೇಳಲೇಬೇಡಿ" ಅನ್ನುತ್ತಾರೆ. ಭಾರತದ ಕಾನೂನಿನಲ್ಲಿ ಎರಡೂ ವಾದ ಪೂರ್ತಿ ನಿಲ್ಲುವುದಿಲ್ಲ.

ಬೆಂಕಿ ಬಿದ್ದ ಮಾತ್ರಕ್ಕೆ ಲೀಸ್ ತಾನಾಗಿ ಮುಗಿಯುವುದಿಲ್ಲ, ಬಾಡಿಗೆಯೂ ತಾನಾಗಿ ನಿಲ್ಲುವುದಿಲ್ಲ. ಯಾರಾದರೂ ಒಬ್ಬರು ಬರವಣಿಗೆಯಲ್ಲಿ ಒಂದು ನಿರ್ಧಾರ ತಿಳಿಸಬೇಕು. ಅದನ್ನು ಯಾರೂ ಮಾಡದೆ ತಿಂಗಳುಗಟ್ಟಲೆ ಫೋನಿನಲ್ಲಿ ಕೂಗಾಡಿಕೊಂಡಿದ್ದು, ಆಮೇಲೆ ಕೋರ್ಟಿನಲ್ಲಿ "ನಾನು ಅವತ್ತೇ ಹೇಳಿದ್ದೆ" ಅನ್ನುವ ಕೇಸುಗಳೇ ಜಾಸ್ತಿ. ಈ ಬರಹದಲ್ಲಿ ಕೆಲಸಗಳನ್ನು ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ. ಅಂಗಡಿ, ಗೋಡೌನ್, ಆಫೀಸ್, ಸಣ್ಣ ಫ್ಯಾಕ್ಟರಿ, ಯಾವುದಕ್ಕಾದರೂ ಇದೇ ದಾರಿ.

ಹಂತ 1: ಗುಡಿಸಬೇಡಿ

ಜೀವಕ್ಕೆ ಅಪಾಯ ಇಲ್ಲ ಅಂತ ಗೊತ್ತಾದ ಮೇಲೆ ಮೊದಲ ನಿಯಮ ಇದು. ಸುಟ್ಟ ಸಾಮಾನನ್ನು ಲಾರಿಗೆ ತುಂಬಿಸಿ ಕಳಿಸಿಬಿಟ್ಟರೆ ಬೆಂಕಿ ಎಲ್ಲಿಂದ ಶುರುವಾಯಿತು ಅನ್ನುವ ಸಾಕ್ಷಿಯೂ ಅದರ ಜೊತೆಗೇ ಹೋಗುತ್ತದೆ. ಆ ಸಾಕ್ಷಿ ನಾಳೆ ನಿಮ್ಮ ಪರವಾಗಿಯೇ ಇರಬಹುದು, ಯಾರಿಗೆ ಗೊತ್ತು?

ಅಗ್ನಿಶಾಮಕ ದಳ ಬಂದಿದ್ದರೆ ಆ ಠಾಣೆಗೆ ಅರ್ಜಿ ಕೊಟ್ಟು ಬೆಂಕಿ ವರದಿಯ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಪೊಲೀಸ್ ಠಾಣೆಯಲ್ಲಿ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಪೊಲೀಸರು ಮಹಜರು ಮಾಡುವಾಗ ಮಾಲೀಕರ ಕಡೆಯವರೂ ಬಾಡಿಗೆದಾರರ ಕಡೆಯವರೂ ಸ್ಥಳದಲ್ಲಿದ್ದರೆ ಒಳ್ಳೆಯದು. ಇಲ್ಲಿ ಒಂದು ಎಚ್ಚರಿಕೆ. ಕಾರಣ ಸ್ಪಷ್ಟವಾಗದಿದ್ದಾಗ "ಶಾರ್ಟ್ ಸರ್ಕ್ಯೂಟ್ ಇರಬಹುದು" ಅಂತ ಬರೆದು ಮುಗಿಸುವುದು ತುಂಬಾ ಸಾಮಾನ್ಯ. ಅದು ಊಹೆ ಅಷ್ಟೇ, ತೀರ್ಮಾನ ಅಲ್ಲ. ಗಾಬರಿಯಲ್ಲಿ ನೀವೂ "ನಮ್ಮ ಕಡೆಯಿಂದಲೇ ಆಗಿರಬೇಕು ಸಾರ್" ಅಂತ ಹೇಳಿಕೆಗೆ ಸಹಿ ಹಾಕಿ ಬರಬೇಡಿ. ಕಾರಣ ತನಿಖೆಯಿಂದ ಗೊತ್ತಾಗಬೇಕು ಅಂತಲೇ ಬರೆಸಿ.

ವಿದ್ಯುತ್ತಿನಿಂದ ಆಗಿರಬಹುದು ಅನ್ನುವ ಅನುಮಾನ ಇದ್ದರೆ ಅಗ್ನಿಶಾಮಕ ವರದಿಯೊಂದೇ ಸಾಲದು. ವಿದ್ಯುತ್ ಕಾಯ್ದೆ 2003ರ ಕಲಂ 161ರಲ್ಲಿ ವಿದ್ಯುತ್ ಅಪಘಾತಗಳ ವರದಿ ಮತ್ತು ವಿಚಾರಣೆಗೆ ವ್ಯವಸ್ಥೆ ಇದೆ. ವಿದ್ಯುತ್ ಪರಿವೀಕ್ಷಕರ ಕಚೇರಿಗೂ, ವಿದ್ಯುತ್ ಕಂಪನಿಗೂ ಪತ್ರ ಕೊಡಿ. ವಿದ್ಯುತ್ತಿನಿಂದ ಆದ ಬೆಂಕಿಯ ವಿಚಾರದಲ್ಲಿ ಆ ಪರಿವೀಕ್ಷಕರ ವರದಿಗೆ ಹೆಚ್ಚು ತೂಕ ಇರುತ್ತದೆ.

ಇನ್ನು ಫೋಟೋ, ವಿಡಿಯೋ. ಮೊದಲು ಬಾಗಿಲಿನಿಂದ ಇಡೀ ಜಾಗದ ಚಿತ್ರ, ಆಮೇಲೆ ಒಂದೊಂದು ಗೋಡೆ, ಕೊನೆಗೆ ಹತ್ತಿರದ ಚಿತ್ರಗಳು. ಏನು ನೋಡಬೇಕು ಅಂದರೆ:

ಗೋಡೆ ಮೇಲಿನ ಮಸಿ. ಬೆಂಕಿ ಕೆಳಗಿನಿಂದ ಮೇಲಕ್ಕೂ ಪಕ್ಕಕ್ಕೂ ಹರಡುವುದರಿಂದ ಗೋಡೆ ಮೇಲೆ ಇಂಗ್ಲಿಷಿನ "ವಿ" ಅಕ್ಷರದ ಹಾಗೆ ಗುರುತು ಬೀಳುತ್ತದೆ. ಅದರ ಚೂಪಾದ ತುದಿ ಕೆಳಗೆ ಎಲ್ಲಿದೆಯೋ ಆ ಸುತ್ತಮುತ್ತಲೇ ಬೆಂಕಿ ಹುಟ್ಟಿರುವ ಸಾಧ್ಯತೆ ಇರುತ್ತದೆ. ಮೀಟರ್ ಬೋರ್ಡಿನ ಕೆಳಗಿದೆಯೋ, ಪಕ್ಕದ ಮಳಿಗೆಗೆ ಹೊಂದಿದ ಗೋಡೆಯ ಮೇಲಿದೆಯೋ, ಬಾಡಿಗೆದಾರರ ಮೆಷಿನ್ ಹಿಂದಿದೆಯೋ ನೋಡಿ. ಇಡೀ ಜಗಳ ಈ ಒಂದು ಗುರುತಿನ ಮೇಲೆ ತಿರುಗಬಹುದು.

ಎಂಸಿಬಿ ಬೋರ್ಡ್ (ಲೋಡ್ ಹೆಚ್ಚಾದರೆ ತಾನಾಗಿ ಆಫ್ ಆಗುವ ಸ್ವಿಚ್‌ಗಳ ಬೋರ್ಡ್). ಯಾವ ಲಿವರ್ ಕೆಳಗೆ ಬಿದ್ದಿದೆ, ಯಾವುದು ಹಾಗೇ ಮೇಲಿದೆ ಅನ್ನುವುದರ ಚಿತ್ರ ತೆಗೆಯಿರಿ. ಲಿವರ್ ಮುಟ್ಟಬೇಡಿ.

ತಂತಿಗಳ ತುದಿ. ಒಳಗೆ ಕಿಡಿ ಹಾರಿ ಕರಗಿದ ತಾಮ್ರದ ತುದಿಯಲ್ಲಿ ಚಿಕ್ಕ, ನುಣುಪಾದ ಗುಂಡು ಮಣಿ ಕಾಣುತ್ತದೆ, ಅದರ ಪಕ್ಕದಲ್ಲೇ ತಂತಿ ಸರಿಯಾಗಿಯೇ ಇರುತ್ತದೆ. ಹೊರಗಿನ ಬೆಂಕಿಯ ಕಾವಿಗೆ ಕರಗಿದ್ದರೆ ತಂತಿ ಉದ್ದಕ್ಕೂ ಸೊರಗಿ, ಅಂಕುಡೊಂಕಾಗಿರುತ್ತದೆ. ಮಣಿ ಇದ್ದ ಮಾತ್ರಕ್ಕೆ ಬೆಂಕಿಗೆ ಅದೇ ಕಾರಣ ಅಂತ ಹೇಳಲಾಗದು, ಯಾಕೆಂದರೆ ಬೆಂಕಿಯೇ ತಂತಿಯ ಹೊದಿಕೆ ಸುಟ್ಟು ಆಮೇಲೆ ಶಾರ್ಟ್ ಆಗಿರಬಹುದು. ಅದನ್ನು ಹೇಳಬೇಕಾದವರು ತಜ್ಞರು. ನೀವು ತುಂಡು ಕಳೆಯದ ಹಾಗೆ ನೋಡಿಕೊಂಡರೆ ಸಾಕು.

ಸಿಸಿಟಿವಿ ಇದ್ದರೆ ಡಿವಿಆರ್ (ರೆಕಾರ್ಡಿಂಗ್ ಉಳಿಸುವ) ಪೆಟ್ಟಿಗೆಯನ್ನೇ ಜೋಪಾನ ಮಾಡಿ. ಸುಟ್ಟ ಹಾಗೆ ಕಂಡರೂ ಒಳಗಿನ ಹಾರ್ಡ್ ಡಿಸ್ಕ್ ಕೆಲವೊಮ್ಮೆ ಉಳಿದಿರುತ್ತದೆ. ಈ ಚಿತ್ರ, ವಿಡಿಯೋಗಳನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರ ಪ್ರಮಾಣಪತ್ರ ಬೇಕು, ಹಾಗಾಗಿ ಯಾರ ಫೋನಿನಲ್ಲಿ, ಯಾವತ್ತು ತೆಗೆದದ್ದು ಅಂತ ಬರೆದಿಡಿ. ಮೂಲ ಫೈಲ್ ಅಳಿಸಬೇಡಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿಯನ್ನು ಮಾತ್ರ ನಂಬಿಕೊಂಡರೆ ಕಷ್ಟ.

ಹಂತ 2: ಕರಾರು ಪತ್ರ ತೆಗೆದು ನಿಧಾನವಾಗಿ ಓದಿ

ವಕೀಲರ ಹತ್ತಿರ ಓಡುವ ಮೊದಲು ಇದನ್ನು ಮಾಡಿ. ಬಾಡಿಗೆ ವಿಚಾರದ ಮುಖ್ಯ ಕಾನೂನು ಸ್ವತ್ತು ವರ್ಗಾವಣೆ ಕಾಯ್ದೆ 1882. ಅದರ ಕಲಂ 108ರಲ್ಲಿ ಮಾಲೀಕ ಮತ್ತು ಬಾಡಿಗೆದಾರರ ಹಕ್ಕು, ಹೊಣೆಗಳ ಪಟ್ಟಿಯೇ ಇದೆ. ಆದರೆ ಆ ಕಲಂ ಶುರುವಾಗುವುದೇ "ಬೇರೆ ಕರಾರು ಇಲ್ಲದಿದ್ದರೆ" ಅನ್ನುವ ಅರ್ಥದ ಮಾತಿನಿಂದ. ಅಂದರೆ ನಿಮ್ಮ ಪತ್ರದಲ್ಲಿ ಏನಾದರೂ ಬರೆದಿದ್ದರೆ ಅದೇ ಮೊದಲು, ಕಾಯ್ದೆ ಆಮೇಲೆ.

ಪೆನ್ಸಿಲ್ ಹಿಡಿದು ಇವನ್ನು ಹುಡುಕಿ. ಬೆಂಕಿ, ಪ್ರವಾಹದಂಥ ಸಂದರ್ಭದಲ್ಲಿ ಬಾಡಿಗೆ ನಿಲ್ಲುತ್ತದೆ ಅಂತ ಇದೆಯಾ? ಇಷ್ಟು ದಿನದಲ್ಲಿ ರಿಪೇರಿ ಮಾಡಿಕೊಡದಿದ್ದರೆ ಯಾರು ಬೇಕಾದರೂ ಲೀಸ್ ಮುಗಿಸಬಹುದು ಅಂತ ಇದೆಯಾ? ದೊಡ್ಡ ರಿಪೇರಿ ಯಾರದ್ದು, ಒಳಗಿನ ವೈರಿಂಗ್ ಯಾರದ್ದು? ಇನ್ಶೂರೆನ್ಸ್ ಯಾರು ಮಾಡಿಸಬೇಕು? ಲಾಕ್-ಇನ್ ಅವಧಿ (ನಡುವೆ ಬಿಟ್ಟು ಹೋಗುವ ಹಾಗಿಲ್ಲದ ಅವಧಿ) ಎಷ್ಟು ಉಳಿದಿದೆ, ಬೆಂಕಿ ಬಿದ್ದರೆ ಅದಕ್ಕೆ ವಿನಾಯಿತಿ ಇದೆಯಾ? ಆರ್ಬಿಟ್ರೇಷನ್ ಕಲಂ, ಅಂದರೆ ಜಗಳವನ್ನು ಕೋರ್ಟಿನ ಬದಲು ಖಾಸಗಿ ತೀರ್ಪುಗಾರರ ಮುಂದೆ ಇಡಬೇಕು ಅನ್ನುವ ಷರತ್ತು, ಇದೆಯಾ?

"ಫೋರ್ಸ್ ಮೆಜೂರ್" (ಯಾರ ಕೈಯಲ್ಲೂ ಇಲ್ಲದ ಅನಾಹುತ) ಅನ್ನುವ ತಲೆಬರಹ ನೋಡಿ ಖುಷಿಪಡಬೇಡಿ. ಅದರ ಕೆಳಗೆ ಬಾಡಿಗೆಯ ಮಾತೇ ಇಲ್ಲದೆ, ಎಲ್ಲಿಂದಲೋ ನಕಲು ಮಾಡಿದ ನಾಲ್ಕು ಸಾಲು ಮಾತ್ರ ಇರುವುದುಂಟು.

ಪತ್ರದ ನೋಂದಣಿಯನ್ನೂ ನೋಡಿ. ಒಂದು ವರ್ಷಕ್ಕಿಂತ ಹೆಚ್ಚಿನ ಲೀಸ್‌ಗೆ ಅದೇ 1882ರ ಕಾಯ್ದೆಯ ಕಲಂ 107ರ ಪ್ರಕಾರ ನೋಂದಣಿ ಕಡ್ಡಾಯ. 5 ವರ್ಷದ ಪತ್ರ ಬರೆದು ನೋಂದಣಿ ಮಾಡಿಸದಿದ್ದರೆ ಅದರ ಷರತ್ತುಗಳನ್ನು, ಲಾಕ್-ಇನ್ ಸೇರಿಸಿ, ಕೋರ್ಟಿನಲ್ಲಿ ಹಿಡಿದು ನಿಲ್ಲುವುದು ಕಷ್ಟವಾಗುತ್ತದೆ. ಆಗ ವಾಣಿಜ್ಯ ಬಾಡಿಗೆಯನ್ನು ಸಾಮಾನ್ಯವಾಗಿ ತಿಂಗಳ ಬಾಡಿಗೆ ಅಂತ ನೋಡುತ್ತಾರೆ, ಕಲಂ 106ರ ಪ್ರಕಾರ 15 ದಿನದ ನೋಟಿಸಿನಲ್ಲಿ ಯಾರು ಬೇಕಾದರೂ ಮುಗಿಸಬಹುದು. ಛಾಪಾ ಶುಲ್ಕ ಕಡಿಮೆ ಕಟ್ಟಿದ್ದರೆ ಅದೂ ಒಂದು ತಲೆನೋವು, ಕರ್ನಾಟಕ ಸ್ಟಾಂಪ್ ಕಾಯ್ದೆಯ ಕಲಂ 34ರಲ್ಲಿ ಬಾಕಿಯ ಹತ್ತು ಪಟ್ಟು ದಂಡ ಕಟ್ಟಿದ ಮೇಲಷ್ಟೇ ಪತ್ರ ಸಾಕ್ಷ್ಯಕ್ಕೆ ಬರುವ ಪರಿಸ್ಥಿತಿ ಬರಬಹುದು.

ಬಾಡಿಗೆ ಕಾಯ್ದೆ ಅಡ್ಡ ಬರುತ್ತದಾ ಅಂತ ಕೇಳುವವರಿದ್ದಾರೆ. ಕರ್ನಾಟಕ ಬಾಡಿಗೆ ಕಾಯ್ದೆ 1999 ವಾಣಿಜ್ಯದ ಜಾಗಗಳಲ್ಲಿ 14 ಚದರ ಮೀಟರ್ ಒಳಗಿನ ಸಣ್ಣ ಮಳಿಗೆಗಳ ಮಟ್ಟಿಗೆ ಮಾತ್ರ. ಅದಕ್ಕಿಂತ ದೊಡ್ಡದಾದರೆ ಮೇಲಿನ 1882ರ ಕಾಯ್ದೆಯೇ ಗತಿ.

ಹಂತ 3: ತಪ್ಪು ಯಾರದ್ದು ಅನ್ನುವುದನ್ನು ಬಿಡಿಸಿ ನೋಡಿ

ಕಲಂ 108ರ (ಬಿ)(ಇ) ಭಾಗವನ್ನು ಸರಳವಾಗಿ ಹೇಳಿದರೆ ಹೀಗೆ: ಬೆಂಕಿ, ಬಿರುಗಾಳಿ, ಪ್ರವಾಹ ಅಥವಾ ತಡೆಯಲಾಗದ ಇನ್ಯಾವುದೋ ಶಕ್ತಿಯಿಂದ ಸ್ವತ್ತಿನ ಮುಖ್ಯ ಭಾಗ ಪೂರ್ತಿ ನಾಶವಾದರೆ, ಅಥವಾ ಯಾವ ಕೆಲಸಕ್ಕೆ ಬಾಡಿಗೆಗೆ ತೆಗೆದುಕೊಂಡಿದ್ದರೋ ಅದಕ್ಕೆ ಹೆಚ್ಚುಕಡಿಮೆ ಶಾಶ್ವತವಾಗಿ ಬಾರದ ಹಾಗಾದರೆ, ಬಾಡಿಗೆದಾರರು ಬಯಸಿದರೆ ಲೀಸ್ ರದ್ದಾಗುತ್ತದೆ. ಆದರೆ ಹಾನಿ ಬಾಡಿಗೆದಾರರ ತಪ್ಪಿನಿಂದ ಆಗಿದ್ದರೆ ಈ ಅನುಕೂಲ ಅವರಿಗಿಲ್ಲ.

ಈ ಆಯ್ಕೆ ಇರುವುದು ಬಾಡಿಗೆದಾರರಿಗೆ ಮಾತ್ರ. ಮಾಲೀಕರು ಇದೇ ಕಲಂ ಹಿಡಿದು "ಕಟ್ಟಡ ಹೋಯಿತು, ನೀವೂ ಹೋಗಿ" ಅನ್ನುವ ಹಾಗಿಲ್ಲ.

"ತಪ್ಪು" ಅಂದರೆ ಏನು? ಮಂಜೂರಾದ ಲೋಡ್‌ಗಿಂತ ಜಾಸ್ತಿ ಮೆಷಿನ್ ಓಡಿಸುವುದು, ಅನುಮತಿಯಿಲ್ಲದೆ ವೈರಿಂಗ್ ಬದಲಿಸುವುದು, ಬಟ್ಟೆ ಅಂಗಡಿ ಅಂತ ತೆಗೆದುಕೊಂಡ ಜಾಗದಲ್ಲಿ ಥಿನ್ನರ್ ಡಬ್ಬಿ ಪೇರಿಸುವುದು, ವೆಲ್ಡಿಂಗ್ ಮಾಡಿಸಿ ನೋಡದೆ ಬೀಗ ಹಾಕಿಕೊಂಡು ಹೋಗುವುದು. ಇಂಥವು ಇದ್ದರೆ ಬಾಡಿಗೆದಾರರಿಗೆ ಕಷ್ಟ. ಮಾಲೀಕರ ಕಡೆಯ ತಪ್ಪುಗಳೂ ಕಮ್ಮಿ ಇಲ್ಲ: ಹಳೇ ಅಲ್ಯೂಮಿನಿಯಂ ಮುಖ್ಯ ಕೇಬಲ್, ಎಲ್ಲ ಮಳಿಗೆಗಳ ಮೀಟರ್‌ಗಳನ್ನು ಮೆಟ್ಟಿಲ ಕೆಳಗೆ ಒಂದೇ ಕಡೆ ತುರುಕಿರುವುದು, ಮುಚ್ಚಿದ ತುರ್ತು ಬಾಗಿಲು, ಬಾಡಿಗೆದಾರರು ಬರೆದು ಕೊಟ್ಟ ದೂರಿಗೆ ಉತ್ತರವನ್ನೇ ಕೊಡದಿರುವುದು. ಹಳೇ ವಾಟ್ಸಾಪ್ ಮೆಸೇಜ್‌ಗಳನ್ನು ಈಗಲೇ ಹುಡುಕಿ. "ಬೋರ್ಡ್ ಬಿಸಿಯಾಗ್ತಿದೆ, ಎಲೆಕ್ಟ್ರಿಷಿಯನ್ ಕಳಿಸಿ" ಅನ್ನುವ ಒಂದು ಸಾಲು ಇಡೀ ಕೇಸಿನ ದಿಕ್ಕು ಬದಲಿಸಬಲ್ಲದು.

ತಪ್ಪು ನಿಮ್ಮದು ಅಂತ ಆರೋಪಿಸುವವರೇ ಅದನ್ನು ಸಾಬೀತು ಮಾಡಬೇಕು ಅನ್ನುವುದು ಸಾಮಾನ್ಯ ನಿಯಮ. ಆದರೆ ಒಬ್ಬರಿಗೆ ಮಾತ್ರ ವಿಶೇಷವಾಗಿ ಗೊತ್ತಿರುವ ಸಂಗತಿಯನ್ನು ಅವರೇ ವಿವರಿಸಬೇಕು ಅಂತ ಸಾಕ್ಷ್ಯ ಅಧಿನಿಯಮದ ಕಲಂ 109 ಹೇಳುತ್ತದೆ. ರಾತ್ರಿ ಬೀಗ ಹಾಕಿದ ಮಳಿಗೆಯ ಒಳಗಿನಿಂದ ಬೆಂಕಿ ಬಂತು, ಬೀಗದ ಕೈ ಬಾಡಿಗೆದಾರರ ಹತ್ತಿರ ಮಾತ್ರ ಇತ್ತು ಅಂದರೆ ಕೋರ್ಟ್ ಅವರಿಂದ ವಿವರಣೆ ಕೇಳುವುದು ಸಹಜ. ಆದ್ದರಿಂದ ಬಾಡಿಗೆದಾರರು "ನನಗೇನೂ ಗೊತ್ತಿಲ್ಲ" ಅಂದು ಕೈ ತೊಳೆದುಕೊಳ್ಳುವ ಬದಲು ವೈರಿಂಗ್ ಮಾಡಿಸಿದ ಬಿಲ್, ಸರ್ವಿಸ್ ರಸೀದಿ, ಅಗ್ನಿಶಾಮಕ ಸಿಲಿಂಡರ್ ತುಂಬಿಸಿದ ದಾಖಲೆ ಇವನ್ನು ಒಟ್ಟು ಮಾಡಿಟ್ಟುಕೊಳ್ಳಬೇಕು. ಬೆಂಕಿ ವಿಚಾರದಲ್ಲಿ ನಿರ್ಲಕ್ಷ್ಯ ಅಪರಾಧವೂ ಹೌದು, ಭಾರತೀಯ ನ್ಯಾಯ ಸಂಹಿತೆಯ ಕಲಂ 287 ಅದಕ್ಕಾಗಿಯೇ ಇದೆ.

ತಪ್ಪು ಬಾಡಿಗೆದಾರರದ್ದೇ ಅಂತ ಮಾಲೀಕರಿಗೆ ಗಟ್ಟಿಯಾಗಿ ಅನಿಸಿದರೆ ಅವರ ಅಸ್ತ್ರ ಕಲಂ 108(ಬಿ)(ಎಂ). ಬಾಡಿಗೆದಾರರ ತಪ್ಪಿನಿಂದ ಆದ ಹಾನಿಯ ಬಗ್ಗೆ ಮಾಲೀಕರು ನೋಟಿಸ್ ಕೊಟ್ಟ 3 ತಿಂಗಳೊಳಗೆ ಬಾಡಿಗೆದಾರರು ಸರಿಪಡಿಸಬೇಕು. ಆ 3 ತಿಂಗಳ ಲೆಕ್ಕ ಶುರುವಾಗುವುದು ನೋಟಿಸಿನಿಂದ, ಬಾಯಿಮಾತಿನಿಂದಲ್ಲ.

ಹಂತ 4: ಹಾನಿ ಎಷ್ಟು ಅಂತ ಎಂಜಿನಿಯರ್ ಹೇಳಲಿ

"ಹೆಚ್ಚುಕಡಿಮೆ ಶಾಶ್ವತವಾಗಿ" ಅನ್ನುವ ಮಾತು ಎಲ್ಲಕ್ಕಿಂತ ಮುಖ್ಯ. ಬಣ್ಣ ಹೋಗಿದೆ, ಫಾಲ್ಸ್ ಸೀಲಿಂಗ್ ಬಿದ್ದಿದೆ, ಗಾಜು ಒಡೆದಿದೆ ಅಂದರೆ ಅದು ರಿಪೇರಿ ಆಗುವ ಹಾನಿ, ಲೀಸ್ ರದ್ದು ಮಾಡುವ ಮಟ್ಟದ್ದಲ್ಲ. ಚಾವಣಿಯೇ ಬಾಗಿದ್ದರೆ ಬೇರೆ ಮಾತು.

ಕಣ್ಣಿಗೆ ಕಾಣುವ ಕೆಲವು ಸೂಚನೆಗಳಿವೆ. ಉಕ್ಕು ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅರ್ಧದಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಆದ್ದರಿಂದಲೇ ಶೀಟ್ ಗೋಡೌನ್‌ಗಳ ಟ್ರಸ್‌ಗಳು ಬೆಂಕಿಯಲ್ಲಿ ಅಷ್ಟು ಬೇಗ ಜೋತುಬೀಳುವುದು. ಕಾಂಕ್ರೀಟ್ ಅಷ್ಟು ಸುಲಭಕ್ಕೆ ಬೀಳುವುದಿಲ್ಲ, ಆದರೆ 300 ಡಿಗ್ರಿ ದಾಟಿದ ಮೇಲೆ ಕೆಲವು ಬಗೆಯ ಜಲ್ಲಿ ಹಾಕಿದ ಕಾಂಕ್ರೀಟ್ ತಿಳಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಪ್ಲಾಸ್ಟರ್ ಉದುರಿದ ಕಡೆ ಕಂಬದಲ್ಲೋ ತೊಲೆಯಲ್ಲೋ ಆ ಬಣ್ಣ ಕಂಡರೆ ಅದರ ಮೇಲೆ ಸುಣ್ಣ ಬಳಿಯುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಅವರು ರೀಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿ, ಬೇಕಾದರೆ ಕೋರ್ (ಕಾಂಕ್ರೀಟಿನ ಮಾದರಿ ತುಂಡು) ಕೊರೆದು ತೆಗೆದು ಲ್ಯಾಬಿಗೆ ಕಳಿಸಿ ವರದಿ ಕೊಡುತ್ತಾರೆ.

ಎಂಜಿನಿಯರ್‌ಗೆ ಎರಡೇ ಪ್ರಶ್ನೆ ಕೇಳಿ, ಉತ್ತರವನ್ನು ವರದಿಯಲ್ಲೇ ಬರೆಸಿಕೊಳ್ಳಿ. ಇದನ್ನು ರಿಪೇರಿ ಮಾಡಿ ಮೊದಲಿನ ಕೆಲಸಕ್ಕೆ ಬಳಸಬಹುದಾ? ಆಗುವುದಾದರೆ ಎಷ್ಟು ತಿಂಗಳು ಬೇಕು? ಸಾಧ್ಯವಾದರೆ ಇಬ್ಬರೂ ಒಪ್ಪಿದ ಒಬ್ಬರೇ ಎಂಜಿನಿಯರ್ ಇರಲಿ. ಖರ್ಚನ್ನು ಅರ್ಧರ್ಧ ಹಂಚಿಕೊಳ್ಳಿ. ಜಗಳ ಕೋರ್ಟಿಗೆ ಹೋದರೆ ಆಗುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ಹಂತ 5: ಇರಬೇಕಾ, ಬಿಡಬೇಕಾ? ಬರೆದು ತಿಳಿಸಿ

ಕಟ್ಟಡ ಪೂರ್ತಿ ನೆಲಸಮವಾದರೆ ಬಾಡಿಗೆ ಹಕ್ಕೂ ಹೋಯಿತು ಅಂತ ಬಹಳ ಜನ ನಂಬಿದ್ದಾರೆ. ಒಂದು ಕಾಲಕ್ಕೆ ಅದಕ್ಕೆ ಆಧಾರವೂ ಇತ್ತು. ಕೇರಳದ ಒಂದು ಮಳಿಗೆ ಬೆಂಕಿಗೆ ನಾಶವಾದ ಪ್ರಕರಣದಲ್ಲಿ, ವನ್ನಟ್ಟಾಂಕಂಡಿ ಇಬ್ರಾಯಿ ಕೇಸು, ಸುಪ್ರೀಂ ಕೋರ್ಟ್ ಹಾಗೆಯೇ ಹೇಳಿತ್ತು. ಆದರೆ 2014ರಲ್ಲಿ ಶಾಹಾ ರತನ್‌ಸಿ ಖಿಮ್ಜಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಬಾಡಿಗೆ ಹಕ್ಕು ಕಟ್ಟಡಕ್ಕೆ ಮಾತ್ರ ಅಲ್ಲ, ಅದರ ಕೆಳಗಿನ ನೆಲಕ್ಕೂ ಇರುತ್ತದೆ, ಆದ್ದರಿಂದ ಕಟ್ಟಡ ಹೋದರೂ ಬಾಡಿಗೆ ಸಂಬಂಧ ತಾನಾಗಿ ಮುಗಿಯುವುದಿಲ್ಲ ಅನ್ನುವುದು ಈಗಿನ ನಿಲುವು. ಮಾಲೀಕರು ಸುಟ್ಟ ಕಟ್ಟಡ ಕೆಡವಿ ಹೊಸದು ಕಟ್ಟಿ ಬೇರೆಯವರಿಗೆ ಕೊಡಲು ಹೊರಟಿದ್ದರೆ ಇದನ್ನು ಮೊದಲು ತಿಳಿದುಕೊಳ್ಳಬೇಕು.

ಬಾಡಿಗೆದಾರರಿಗೆ ಇದರ ಇನ್ನೊಂದು ಮುಖವೂ ಇದೆ. ಲೀಸ್ ಜೀವಂತ ಇದ್ದರೆ ಬಾಡಿಗೆಯೂ ಜೀವಂತ. ಒಪ್ಪಂದದ ಕೆಲಸ ಅಸಾಧ್ಯವಾದರೆ ಒಪ್ಪಂದ ರದ್ದು ಅನ್ನುವ ಕರಾರು ಕಾಯ್ದೆಯ ಕಲಂ 56 ಲೀಸ್‌ಗೆ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1968ರಲ್ಲೇ ರಾಜಾ ಧ್ರುವ ದೇವ್ ಚಂದ್ ಪ್ರಕರಣದಲ್ಲಿ ಹೇಳಿದೆ. ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ, 2020ರಲ್ಲಿ, ದೆಹಲಿ ಹೈಕೋರ್ಟ್ ರಮಾನಂದ್ ಪ್ರಕರಣದಲ್ಲಿ, ಜಾಗವನ್ನು ಇಟ್ಟುಕೊಂಡೇ ಬಾಡಿಗೆ ನಿಲ್ಲಿಸಿ ಅನ್ನುವ ಬೇಡಿಕೆಯನ್ನು ಒಪ್ಪಲಿಲ್ಲ. ಜಾಗವೂ ಬೇಕು, ಬಾಡಿಗೆಯೂ ಬೇಡ ಅನ್ನುವುದು ನಡೆಯುವುದಿಲ್ಲ.

ಬಿಡುವುದಾದರೆ ಬೇಗ ಬಿಡಿ. ಪತ್ರಕ್ಕೆ ದೊಡ್ಡ ಭಾಷೆ ಬೇಕಾಗಿಲ್ಲ. ಹೀಗೆ ಬರೆದರೆ ಸಾಕು:

"ಇಂಥ ದಿನಾಂಕದ ಕರಾರು ಪತ್ರದ ಮೂಲಕ ನಾವು ಬಾಡಿಗೆಗೆ ಪಡೆದ ಮಳಿಗೆ ಇಂಥ ದಿನ ಸಂಭವಿಸಿದ ಬೆಂಕಿಯಿಂದ ನಮ್ಮ ವ್ಯಾಪಾರಕ್ಕೆ ಶಾಶ್ವತವಾಗಿ ಬಳಸಲಾಗದ ಸ್ಥಿತಿ ತಲುಪಿದೆ. ಎಂಜಿನಿಯರ್ ವರದಿಯನ್ನು ಲಗತ್ತಿಸಿದ್ದೇವೆ. ಬೆಂಕಿಗೆ ನಮ್ಮ ಯಾವುದೇ ತಪ್ಪು ಕಾರಣವಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 108(ಬಿ)(ಇ) ಅಡಿ ನಮಗಿರುವ ಆಯ್ಕೆಯನ್ನು ಚಲಾಯಿಸಿ ಲೀಸ್ ರದ್ದಾಗಿದೆ ಎಂದು ಈ ಮೂಲಕ ತಿಳಿಸುತ್ತಿದ್ದೇವೆ. ಇಂಥ ದಿನ, ಇಂಥ ಸಮಯಕ್ಕೆ ಜಂಟಿ ತಪಾಸಣೆ ನಡೆಸಿ ಬೀಗದ ಕೈ ಒಪ್ಪಿಸಲು ಸಿದ್ಧರಿದ್ದೇವೆ. ಅಡ್ವಾನ್ಸ್ ಮೊತ್ತವನ್ನು ಆ ದಿನವೇ ಹಿಂದಿರುಗಿಸಬೇಕೆಂದು ಕೋರುತ್ತೇವೆ."

ಕರಾರಿನಲ್ಲೇ ಬೆಂಕಿಯ ಷರತ್ತು ಇದ್ದರೆ ಕಾಯ್ದೆಯ ಕಲಂ ಬದಲು ಆ ಷರತ್ತಿನ ಸಂಖ್ಯೆ ಹಾಕಿ. ಪತ್ರವನ್ನು ಕರಾರಿನಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ ತಲುಪಿದ ದಾಖಲೆ ಸಮೇತ ಕಳಿಸಿ, ಇಮೇಲಿನಲ್ಲೂ ಹಾಕಿ.

ಉಳಿಯುವುದಾದರೆ ಬೇರೆ ಪತ್ರ: ಲೀಸ್ ಮುಂದುವರಿಸುತ್ತೇವೆ, ರಿಪೇರಿ ಯಾವಾಗ ಮುಗಿಯುತ್ತದೆ ತಿಳಿಸಿ, ಅಲ್ಲಿಯ ತನಕ ಬಾಡಿಗೆ ಬಗ್ಗೆ ಮಾತಾಡೋಣ. ಮಾಲೀಕರು ಕಟ್ಟಿಕೊಡಲೇಬೇಕು ಅಂತ ಮಾತ್ರ ಭಾವಿಸಬೇಡಿ. ಕರಾರಿನಲ್ಲಿ ಇಲ್ಲದಿದ್ದರೆ ಕಲಂ 108ರಲ್ಲಿ ಮಾಲೀಕರ ಮೇಲೆ ಹೊಸದಾಗಿ ಕಟ್ಟಿಕೊಡುವ ಹೊಣೆ ಇಲ್ಲ. ಮಾಲೀಕರು ಮಾಡಲೇಬೇಕಾದ ರಿಪೇರಿ ಅಂತ ಕರಾರಿನಲ್ಲಿದ್ದು, ನೋಟಿಸ್ ಕೊಟ್ಟರೂ ಮಾಡದಿದ್ದರೆ, (ಬಿ)(ಎಫ್) ಪ್ರಕಾರ ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು.

ಹಂತ 6: ನಡುವಿನ ತಿಂಗಳುಗಳ ಬಾಡಿಗೆ

ಜಗಳ ಮುಗಿಯುವ ತನಕ ಏನೂ ಕೊಡದೆ ಕೂರುವುದು ಬಾಡಿಗೆದಾರರಿಗೆ ಅಪಾಯ. ಬಾಕಿಯನ್ನೇ ಕಾರಣ ಮಾಡಿ ಮಾಲೀಕರು ಖಾಲಿ ಮಾಡಿಸಲು ಹೊರಡಬಹುದು. ಮೂರು ಭಾಗದಲ್ಲಿ ಒಂದು ಭಾಗ ಸುಟ್ಟು ಉಳಿದ ಎರಡು ಭಾಗ ಬಳಕೆಯಲ್ಲಿದ್ದರೆ ಆ ಪ್ರಮಾಣದ ಬಾಡಿಗೆಯನ್ನು "ನಮ್ಮ ಹಕ್ಕು ಬಿಟ್ಟುಕೊಡದೆ ಪಾವತಿಸುತ್ತಿದ್ದೇವೆ" ಅಂತ ಬರೆದು ಬ್ಯಾಂಕಿನಲ್ಲೇ ಹಾಕಿ. ಬಾಡಿಗೆಗೆ ಕೊಟ್ಟ ಜಾಗದ ಒಂದು ಭಾಗ ಬಾಡಿಗೆದಾರರ ಕೈಗೇ ಬರದಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲಿ, ಸುರೇಂದ್ರನಾಥ್ ಬಿಬ್ರಾ ಕೇಸಿನಲ್ಲಿ, ಪ್ರಮಾಣಕ್ಕೆ ತಕ್ಕ ಬಾಡಿಗೆಯನ್ನು ಒಪ್ಪಿತ್ತು. ಬೆಂಕಿಯ ಸಂಗತಿ ಬೇರೆಯಾದರೂ ಮಾತುಕತೆಗೆ ಅದು ಒಳ್ಳೆಯ ಆಧಾರ. ಮಾಲೀಕರಿಗೂ ಪೂರ್ತಿ ಬಾಕಿ ಲೆಕ್ಕದಲ್ಲಿ ತೋರಿಸಿಕೊಂಡು ಖಾಲಿ ಕೈಯಲ್ಲಿ ಕೂರುವುದಕ್ಕಿಂತ ಅರ್ಧ ಬಾಡಿಗೆ ಕೈಗೆ ಬರುವುದು ವಾಸಿ, ಅಲ್ವಾ?

ಹಂತ 7: ಇನ್ಶೂರೆನ್ಸ್. ಇಲ್ಲೇ ಹೆಚ್ಚಿನವರು ಎಡವುವುದು

ಸಾಮಾನ್ಯವಾಗಿ ಕಟ್ಟಡದ ಪಾಲಿಸಿ ಮಾಲೀಕರದ್ದು, ಒಳಗಿನ ಮಾಲು ಮತ್ತು ಫರ್ನಿಚರ್‌ನ ಪಾಲಿಸಿ ಬಾಡಿಗೆದಾರರದ್ದು. ಎರಡೂ ಕಂಪನಿಗಳಿಗೆ ತಕ್ಷಣ ತಿಳಿಸಬೇಕು. ಸ್ಟ್ಯಾಂಡರ್ಡ್ ಫೈರ್ ಪಾಲಿಸಿಯಲ್ಲಿ 15 ದಿನದೊಳಗೆ ನಷ್ಟದ ವಿವರವನ್ನು ಬರವಣಿಗೆಯಲ್ಲಿ ಕೊಡಬೇಕು ಅನ್ನುವ ಷರತ್ತಿದೆ, ಹೆಚ್ಚು ಸಮಯ ಬೇಕಾದರೆ ಅದನ್ನೂ ಬರವಣಿಗೆಯಲ್ಲೇ ಕೇಳಿ.

ಸರ್ವೇಯರ್ (ನಷ್ಟ ಅಂದಾಜು ಮಾಡಲು ಇನ್ಶೂರೆನ್ಸ್ ಕಂಪನಿ ಕಳಿಸುವವರು) ಬರುವ ತನಕ ಗುಜರಿಗೆ ಏನನ್ನೂ ಮಾರಬೇಡಿ. ಉಳಿಕೆ ಮಾಲಿನ ಬೆಲೆಯನ್ನು ಕ್ಲೇಮಿನಲ್ಲಿ ಕಳೆಯುತ್ತಾರೆ, ಕೇಳದೆ ಮಾರಿದರೆ ಕಿತ್ತಾಟ.

ಕಡಿಮೆ ಮೊತ್ತಕ್ಕೆ ಇನ್ಶೂರೆನ್ಸ್ ಮಾಡಿಸಿದ್ದರೆ ಆವರೇಜ್ ಲೆಕ್ಕ ಬರುತ್ತದೆ. 100 ಬೆಲೆಯ ಸ್ವತ್ತಿಗೆ 60ಕ್ಕೆ ಮಾತ್ರ ಪಾಲಿಸಿ ಇದ್ದು 30ರಷ್ಟು ನಷ್ಟವಾದರೆ ಕೈಗೆ ಬರುವುದು 18. ಏಪ್ರಿಲ್ 2021ರಿಂದ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಭಾರತ್ ಲಘು ಉದ್ಯಮ ಸುರಕ್ಷಾ ಪಾಲಿಸಿಗಳಲ್ಲಿ ಕೊರತೆ ಶೇ 15ರ ಒಳಗಿದ್ದರೆ ಈ ಕಡಿತ ಇಲ್ಲ.

ಬಾಡಿಗೆದಾರರು ಮರೆಯುವ ಒಂದು ವಿಷಯ ಜಿಎಸ್‌ಟಿ. ನಾಶವಾದ ಮಾಲಿನ ಮೇಲೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ಸಿಕ್ಕ ರಿಯಾಯಿತಿ) ಅನ್ನು ಸಿಜಿಎಸ್‌ಟಿ ಕಾಯ್ದೆಯ ಕಲಂ 17(5)(ಎಚ್) ಪ್ರಕಾರ ವಾಪಸ್ ಮಾಡಬೇಕು. ಅದು ನಿಮ್ಮ ನಿಜವಾದ ನಷ್ಟ, ಹಾಗಾಗಿ ಪಾಲಿಸಿಯಲ್ಲಿ ಮಾಲಿನ ಬೆಲೆಗೆ ತೆರಿಗೆಯೂ ಸೇರಿದೆಯಾ ನೋಡಿ ಕ್ಲೇಮಿನಲ್ಲಿ ಕೇಳಿ.

ಮಾಲೀಕರು ಮರೆಯುವುದು ಎರಡು. ಒಂದು, ಬಾಡಿಗೆ ನಷ್ಟಕ್ಕೆ ಹೆಚ್ಚುವರಿ ಕವರ್ ತೆಗೆದುಕೊಂಡಿದ್ದರೂ ಅದನ್ನು ಕ್ಲೇಮೇ ಮಾಡುವುದಿಲ್ಲ. ಎರಡು, ಬಾಡಿಗೆದಾರರು ಹೋದ ಮೇಲೆ ಕಟ್ಟಡ 30 ದಿನಕ್ಕಿಂತ ಹೆಚ್ಚು ಖಾಲಿ ಬಿದ್ದರೆ ಸ್ಟ್ಯಾಂಡರ್ಡ್ ಫೈರ್ ಪಾಲಿಸಿಯ ರಕ್ಷಣೆ ನಿಲ್ಲುತ್ತದೆ, ಕಂಪನಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿರಬೇಕು.

ಬೆಂಕಿಯ ನಿಖರ ಕಾರಣ ಗೊತ್ತಾಗಲಿಲ್ಲ ಅಂತ ಕಂಪನಿ ಕ್ಲೇಮ್ ತಳ್ಳಿಹಾಕಿದರೆ ಸುಮ್ನೆ ಒಪ್ಪಬೇಡಿ. ಬೆಂಕಿ ಹಚ್ಚಿದ್ದು ಪಾಲಿಸಿದಾರರೇ ಅಂತ ಇಲ್ಲದಿದ್ದರೆ ಕಾರಣ ಮುಖ್ಯವಲ್ಲ ಅನ್ನುವುದು 2023ರ ಮುದಿತ್ ರೋಡ್‌ವೇಸ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟಿನ ನಿಲುವು.

ಇನ್ನು ಸಬ್ರೊಗೇಷನ್. ಮಾಲೀಕರಿಗೆ ಹಣ ಕೊಟ್ಟ ಇನ್ಶೂರೆನ್ಸ್ ಕಂಪನಿ, ಮಾಲೀಕರ ಜಾಗದಲ್ಲಿ ನಿಂತು ಬಾಡಿಗೆದಾರರ ಮೇಲೆ ವಸೂಲಿ ಕೇಸು ಹಾಕಬಹುದು. "ಮಾಲೀಕರಿಗೆ ಇನ್ಶೂರೆನ್ಸ್ ಬಂತು, ನಮ್ಮ ಮೇಲೆ ಇನ್ನೇನೂ ಇಲ್ಲ" ಅಂತ ಬಾಡಿಗೆದಾರರು ನಿರಾಳವಾಗಿ ಇರುವ ಹೊತ್ತಿನಲ್ಲೇ ಆ ನೋಟಿಸ್ ಬರುತ್ತದೆ. ಅದೇ ರೀತಿ ಮಾಲೀಕರೂ ಒಂದೇ ನಷ್ಟಕ್ಕೆ ಇನ್ಶೂರೆನ್ಸ್‌ನಿಂದಲೂ ಬಾಡಿಗೆದಾರರಿಂದಲೂ ಎರಡು ಸಲ ಹಣ ಪಡೆಯುವ ಹಾಗಿಲ್ಲ.

ಹಂತ 8: ಬೀಗದ ಕೈ ಮತ್ತು ಅಡ್ವಾನ್ಸ್

ಮಾಲೀಕರಿಗೆ ಒಂದು ಮಾತು: ಸುಟ್ಟ ಮಳಿಗೆಗೆ ನಿಮ್ಮ ಬೀಗ ಹಾಕಬೇಡಿ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ ಬಾಡಿಗೆದಾರರು ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6ರಡಿ 6 ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಪಡೆಯಬಹುದು. ಅಲ್ಲಿ ಮಾಲೀಕತ್ವ ಯಾರದ್ದು ಅಂತ ಕೋರ್ಟ್ ಕೇಳುವುದೂ ಇಲ್ಲ. ಅಪಾಯದ ಕಾರಣಕ್ಕೆ ಮುಚ್ಚಲೇಬೇಕಾದರೆ ಎರಡು ಬೀಗ ಹಾಕಿ, ಇಬ್ಬರ ಹತ್ತಿರ ಒಂದೊಂದು ಕೈ ಇರಲಿ, ಒಂದು ಚೀಟಿಯಲ್ಲಿ ಬರೆದು ಸಹಿ ಮಾಡಿ.

ಬಾಡಿಗೆದಾರರಿಗೆ ಇನ್ನೊಂದು: ಕೀ ಸುಮ್ನೆ ಕೊಟ್ಟು ಬರಬೇಡಿ. ಉಳಿಯುವ ಆಸೆ ಇದ್ದರೆ ಕೀ ಕೊಟ್ಟದ್ದೇ ಜಾಗ ಬಿಟ್ಟುಕೊಟ್ಟ ಹಾಗೆ ಅಂತ ಅರ್ಥ ಮಾಡಬಹುದು. "ರಿಪೇರಿಗಾಗಿ ಮಾತ್ರ ಕೊಡುತ್ತಿದ್ದೇವೆ" ಅಂತ ಬರೆದು ಸಹಿ ಪಡೆಯಿರಿ. ಬಿಡುವವರಾದರೆ ಎಸಿ, ರ‍್ಯಾಕ್, ಶಟರ್ ಮೋಟಾರ್‌ನಂಥ ನೀವು ಹಾಕಿಸಿದ ಸಾಮಾನನ್ನು ಸ್ವಾಧೀನ ನಿಮ್ಮ ಹತ್ತಿರ ಇರುವಾಗಲೇ ಬಿಚ್ಚಿಕೊಳ್ಳಬೇಕು. ಮಾಲೀಕರು ಕೀ ತೆಗೆದುಕೊಳ್ಳಲು ಒಪ್ಪದಿದ್ದರೆ ತಪಾಸಣೆಯ ದಿನ ಸಾಕ್ಷಿಗಳ ಮುಂದೆ ವಿಡಿಯೋ ಮಾಡಿ, ಕೀಯನ್ನು ಪತ್ರದ ಜೊತೆ ಪೋಸ್ಟಿನಲ್ಲಿ ಕಳಿಸಿ.

ಅಡ್ವಾನ್ಸ್ ಪೂರ್ತಿ ಮುಟ್ಟುಗೋಲು ಅನ್ನುವ ಷರತ್ತು ಇದ್ದರೂ ಅದೇ ಕೊನೆಯಲ್ಲ. ಕರಾರು ಕಾಯ್ದೆಯ ಕಲಂ 74ರ ಮೇಲೆ 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಪರಿಹಾರ ಕೊಡಬೇಕಾದರೆ ನಷ್ಟ ಆಗಿರಬೇಕು, ಅದೂ ನ್ಯಾಯವಾದಷ್ಟೇ. ಹಾಗಾಗಿ ಮಾಲೀಕರು ಹಿಡಿಯುವ ಒಂದೊಂದು ರೂಪಾಯಿಗೂ ಬಿಲ್ ಅಥವಾ ಎಸ್ಟಿಮೇಟ್ ಇಟ್ಟಿರಬೇಕು. 12 ವರ್ಷ ಹಳೆಯ ವೈರಿಂಗ್ ಸುಟ್ಟಿದ್ದಕ್ಕೆ ಹೊಚ್ಚ ಹೊಸ ವೈರಿಂಗಿನ ಪೂರ್ತಿ ಖರ್ಚು ಕೇಳುವುದು ನ್ಯಾಯವಲ್ಲ, ಸವೆತ ಕಳೆದು ಲೆಕ್ಕ ಹಾಕಿ.

ಹಂತ 9: ಕೋರ್ಟಿಗೆ ಹೋಗಲೇಬೇಕಾದರೆ

ಆರ್ಬಿಟ್ರೇಷನ್ ಕಲಂ ಇದ್ದರೆ ಅಲ್ಲಿಗೇ ಹೋಗಬೇಕಾಗುತ್ತದೆ. ಬಾಡಿಗೆ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬಾರದ ಲೀಸ್ ಜಗಳಗಳನ್ನು ಆರ್ಬಿಟ್ರೇಷನ್‌ನಲ್ಲಿ ತೀರ್ಮಾನಿಸಬಹುದು ಅಂತ 2020ರ ವಿದ್ಯಾ ದ್ರೋಲಿಯಾ ತೀರ್ಪು ಸ್ಪಷ್ಟ ಮಾಡಿದೆ.

ಇಲ್ಲದಿದ್ದರೆ, ವ್ಯಾಪಾರಕ್ಕಷ್ಟೇ ಬಳಸುವ ಸ್ವತ್ತಿನ ಜಗಳ 3 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನದ್ದಾದರೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ 2015ರ ವ್ಯಾಪ್ತಿಗೆ ಬರುತ್ತದೆ. ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ ದಾವೆಗೆ ಮೊದಲು ಕಲಂ 12ಎ ಪ್ರಕಾರ ಮಧ್ಯಸ್ಥಿಕೆ ಕಡ್ಡಾಯ. ಅದನ್ನು ಬಿಟ್ಟು ಹಾಕಿದ ದಾವೆ ತಿರಸ್ಕಾರವಾಗುತ್ತದೆ ಅಂತ 2022ರ ಪಾಟೀಲ್ ಆಟೊಮೇಷನ್ ತೀರ್ಪಿದೆ. ಈ ಮಧ್ಯಸ್ಥಿಕೆಯನ್ನು ಬರೀ ಶಾಸ್ತ್ರಕ್ಕೆ ಮುಗಿಸಬೇಡಿ. ಬೆಂಕಿ ಜಗಳದಲ್ಲಿ ಇಬ್ಬರದ್ದೂ ಸ್ವಲ್ಪ ಸ್ವಲ್ಪ ತಪ್ಪಿರುವುದರಿಂದ ನಿಜವಾಗಿ ಬಗೆಹರಿಯುವ ಜಾಗ ಅದೇ.

ಮಾಲೀಕರು ನಾಳೆಯೇ ಕೆಡವುತ್ತಾರೆ ಅನ್ನುವ ಪರಿಸ್ಥಿತಿ ಇದ್ದರೆ ಕಾಯಬೇಡಿ. ತಡೆಯಾಜ್ಞೆಯ ಜೊತೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26, ನಿಯಮ 9ರಡಿ ಕೋರ್ಟ್ ಕಮಿಷನರ್ ನೇಮಿಸಿ ಸ್ಥಳ ಪರಿಶೀಲನೆ ಮಾಡಿಸಲು ಕೇಳಿ. ನಿಮ್ಮ ಮೇಲೆ ಇಂಥ ವಾಣಿಜ್ಯ ದಾವೆ ಬಂದಿದ್ದರೆ 30 ದಿನದಲ್ಲಿ ಉತ್ತರ ಕೊಡಬೇಕು, ಹೇಗೆ ಎಳೆದರೂ 120 ದಿನ. ಅದು ದಾಟಿದರೆ ನಿಮ್ಮ ಲಿಖಿತ ಹೇಳಿಕೆಗೆ ಜಾಗವೇ ಇಲ್ಲ. ಬಾಡಿಗೆ ಬಾಕಿಗೆ, ಕರಾರು ಮುರಿದ ಪರಿಹಾರಕ್ಕೆ ಕಾಲಮಿತಿ 3 ವರ್ಷ.

ಹಂತ 10: ರಾಜಿ ಪತ್ರ ಬರೆಯುವಾಗ

ರಾಜಿ ಆದರೆ "ಇನ್ನು ಯಾರಿಗೂ ಯಾರಿಂದಲೂ ಏನೂ ಬರಬೇಕಿಲ್ಲ" ಅಂತ ಒಂದೇ ಸಾಲು ಬರೆದು ಮುಗಿಸಬೇಡಿ. ಲೀಸ್ ಯಾವ ದಿನಕ್ಕೆ ಮುಗಿಯಿತು, ಯಾವ ದಿನದ ತನಕ ಬಾಡಿಗೆ ಕೊಟ್ಟಾಗಿದೆ, ಅಡ್ವಾನ್ಸಿನಲ್ಲಿ ಎಷ್ಟು ಹಿಡಿದರು, ಯಾವುದಕ್ಕೆ ಹಿಡಿದರು, ಉಳಿದದ್ದು ಯಾವ ದಿನ ಯಾವ ಖಾತೆಗೆ ಬರುತ್ತದೆ, ವಿದ್ಯುತ್ ಮೀಟರಿನ ಬಾಕಿ ಯಾರದ್ದು, ಜಿಎಸ್‌ಟಿ ನೋಂದಣಿಯಿಂದ ಆ ವಿಳಾಸ ಯಾವಾಗ ತೆಗೆಸುತ್ತಾರೆ, ಇವೆಲ್ಲ ಇರಲಿ. ಲೀಸ್ ಮುಂದುವರಿಯುವುದಾದರೆ ಹೊಸ ಷರತ್ತುಗಳನ್ನು ಪ್ರತ್ಯೇಕ ಪತ್ರದಲ್ಲಿ ಬರೆದು, ಅವಧಿ ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಿ. ಸಬ್ರೊಗೇಷನ್ ಹಕ್ಕು ಬಿಟ್ಟುಕೊಡುವ ಕಲಂ ಅನ್ನು ಈ ಸಲವಾದರೂ ಸೇರಿಸಿ, ಪಾಲಿಸಿಯಲ್ಲೂ ಅದಕ್ಕೆ ತಕ್ಕ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ತಿದ್ದುಪಡಿ) ಹಾಕಿಸಿ.

ಮಾಲೀಕರು ಸಹಿ ಹಾಕುವ ಮೊದಲು ತಮ್ಮ ಇನ್ಶೂರೆನ್ಸ್ ಕಂಪನಿಯ ಲಿಖಿತ ಒಪ್ಪಿಗೆ ತೆಗೆದುಕೊಳ್ಳಬೇಕು. ಕ್ಲೇಮ್ ಬಾಕಿ ಇರುವಾಗ ಅವರನ್ನು ಕೇಳದೆ ಬಾಡಿಗೆದಾರರನ್ನು ಎಲ್ಲ ಹೊಣೆಯಿಂದ ಬಿಡುಗಡೆ ಮಾಡಿದರೆ, ನಮ್ಮ ವಸೂಲಿ ಹಕ್ಕನ್ನೇ ನೀವು ಕಳೆದಿರಿ ಅಂತ ಕಂಪನಿ ಕ್ಲೇಮಿಗೇ ತಗಾದೆ ತೆಗೆಯಬಹುದು. ಬಾಡಿಗೆದಾರರೂ ಆ ಒಪ್ಪಿಗೆ ಪತ್ರದ ಪ್ರತಿ ಕೇಳಿ ಪಡೆಯಲಿ.